ವಂಶವಾಹಿಯ ನಿಖರ ತಿದ್ದುಪಡಿ

ವಂಶವಾಹಿಯ ನಿಖರ ತಿದ್ದುಪಡಿ ಎಂದರೆ ಜೀವಕೋಶದ ಡಿಎನ್‌ಎಯ ಗೊತ್ತುಪಡಿಸಿದ ಸ್ಥಳದಲ್ಲಿ ಬಯಸಿದ ಬದಲಾವಣೆಯನ್ನಷ್ಟೇ ಮಾಡುವ ವಿಧಾನ. 2012ರಲ್ಲಿ ಜೆನಿಫರ್ ಡೌಡ್ನಾ, ಇಮ್ಯಾನ್ಯುಯೆಲ್ ಶಾರ್ಪಾಂಟಿಯೆ ಮತ್ತು ಸಂಗಡಿಗರು ವಿವರಿಸಿದ ಕ್ರಿಸ್ಪರ್-ಕ್ಯಾಸ್9 ಇದರ ಪ್ರಮುಖ ಸಾಧನ. ತಿದ್ದುಪಡಿ ಎಂಬ ಹೆಸರಿದ್ದರೂ ಕ್ಯಾಸ್9 ಕಿಣ್ವವು ಮಾಡುವುದು ಕತ್ತರಿಸುವ ಕೆಲಸವನ್ನು ಮಾತ್ರ; ಕತ್ತರಿಸಿದ್ದನ್ನು ಜೋಡಿಸುವುದು ಜೀವಕೋಶವೇ.

ದುರಸ್ತಿಯ ದಾರಿಗಳು

ಮಾನವ ಜೀವಕೋಶವು ಸಾಮಾನ್ಯವಾಗಿ ತುಂಡಾದ ತುದಿಗಳನ್ನು ನೇರವಾಗಿ ಬೆಸೆದುಬಿಡುತ್ತದೆ. ಈ ಅವಸರದಲ್ಲಿ ಕೆಲವು ಅಕ್ಷರಗಳು ಬಿಟ್ಟುಹೋಗುವುದೂ ಹೊಸವು ಸೇರಿಕೊಳ್ಳುವುದೂ ಉಂಟು. ಇನ್ನೊಂದು ದಾರಿಯಲ್ಲಿ ಅದು ಸದೃಶವಾದ ಮತ್ತೊಂದು ಡಿಎನ್‌ಎಯನ್ನು ಮಾದರಿಯಾಗಿಟ್ಟುಕೊಂಡು ನಕಲು ಮಾಡುತ್ತದೆ. ಬಯಸಿದ ಬದಲಾವಣೆಯುಳ್ಳ ಮಾದರಿಯನ್ನು ಹೊರಗಿನಿಂದ ಒದಗಿಸಿದರೆ ಅದೇ ಬರಹ ವಂಶವಾಹಿಗೆ ಇಳಿಯುತ್ತದೆ. ಆದರೆ ಈ ದಾರಿ ಮುಖ್ಯವಾಗಿ ಕೋಶಚಕ್ರದ ಎಸ್ ಮತ್ತು ಜಿ2 ಹಂತಗಳಲ್ಲಿ ಮಾತ್ರ ತೆರೆದಿರುವುದರಿಂದ ನಿಖರ ತಿದ್ದುಪಡಿಯ ಪ್ರಮಾಣ ಕಡಿಮೆ.

ದಕ್ಷತೆ ಹೆಚ್ಚಿಸುವ ಯತ್ನಗಳು

2014ರಲ್ಲಿ ಡೌಡ್ನಾ ಅವರ ತಂಡವು ಜೀವಕೋಶಗಳನ್ನು ಒಂದೇ ಹಂತದಲ್ಲಿ ತಡೆದು, ತಕ್ಕ ವೇಳೆಗೆ ಕ್ಯಾಸ್9 ಪ್ರೋಟೀನನ್ನು ಸೇರಿಸಿ, ಗರಿಷ್ಠ ಶೇ. 38ರಷ್ಟು ನಿಖರ ದುರಸ್ತಿಯನ್ನು ಪಡೆಯಿತು. 2016ರಲ್ಲಿ ಬರ್ಕ್ಲಿಯ ಸಂಶೋಧಕರು ಮಾದರಿ ಡಿಎನ್‌ಎಯ ವಿನ್ಯಾಸವನ್ನೇ ಬದಲಿಸಿ ಶೇ. 60ರವರೆಗೆ ತಲುಪಿದರು.

ಬೆಸೆಯುವ ದಾರಿಯನ್ನೇ ಮುಚ್ಚುವುದು ಮತ್ತೊಂದು ಉಪಾಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಸಿ. ರಾಘವನ್ ಮತ್ತು ಸಂಗಡಿಗರು ಕ್ಯಾನ್ಸರ್ ಚಿಕಿತ್ಸೆಯ ದೃಷ್ಟಿಯಿಂದ ರೂಪಿಸಿ 2012ರಲ್ಲಿ ಪ್ರಕಟಿಸಿದ ಎಸ್‌ಸಿಆರ್7 ಎಂಬ ಅಣುವನ್ನು 2015ರಲ್ಲಿ ಎರಡು ವಿದೇಶಿ ತಂಡಗಳು ಈ ಉದ್ದೇಶಕ್ಕೆ ಬಳಸಿದವು. ಅವುಗಳಲ್ಲಿ ಒಂದು ತಂಡವು ನಿಖರ ತಿದ್ದುಪಡಿ 19 ಪಟ್ಟಿನವರೆಗೆ ಹೆಚ್ಚಿತೆಂದು ವರದಿ ಮಾಡಿತು. ಎಲ್ಲ ಪ್ರಯೋಗಾಲಯಗಳಲ್ಲಿ ಇದೇ ಫಲ ದೊರೆಯಲಿಲ್ಲ. ಅಣುವಿನ ರಚನೆಯ ಬಗೆಗೂ ಚರ್ಚೆ ನಡೆಯಿತು.

ಅಳತೆಯ ಸಮಸ್ಯೆ

ಡಿಎನ್‌ಎ-ಪಿಕೆ ಕಿಣ್ವವನ್ನು ತಡೆಯುವ ಎಝಡ್‌ಡಿ7648 ಎಂಬ ಔಷಧಿಯು ಮುಂದೆ ಇನ್ನೂ ಹೆಚ್ಚಿನ ಶೇಕಡಾವಾರು ತೋರಿಸಿತು. ಆದರೆ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಬಳಕೆಯಿಂದ ಸಾವಿರಾರು ಅಕ್ಷರಗಳ ಅಳಿವು, ವರ್ಣತಂತುವಿನ ತೋಳಿನ ನಷ್ಟ ಮತ್ತು ಸ್ಥಾನಾಂತರಗಳು ಉಂಟಾಗುವುದನ್ನು ತೋರಿಸಿತು. ರೂಢಿಯ ಪರೀಕ್ಷೆಯು ಕತ್ತರಿಸಿದ ಜಾಗದ ಆಚೀಚಿನ ಕಿರಿದಾದ ಭಾಗವನ್ನಷ್ಟೇ ಪಿಸಿಆರ್ ಮೂಲಕ ವೃದ್ಧಿಸಿ ಓದುತ್ತದೆ. ಆ ಭಾಗವೇ ಅಳಿದುಹೋದ ವರ್ಣತಂತು ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಗೆ ಗೈರುಹಾಜರಾದವರನ್ನು ಬಿಟ್ಟು ಹಾಜರಿದ್ದವರಲ್ಲಷ್ಟೇ ಉತ್ತೀರ್ಣರ ಶೇಕಡಾವಾರು ಹೇಳಿದಂತೆ, ಇಲ್ಲಿಯೂ ಯಶಸ್ಸು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರೋಗಿಯ ದೇಹಕ್ಕೆ ಮರಳಿಸಬೇಕಾದ ಜೀವಕೋಶಗಳಲ್ಲಿ ಇಂತಹ ನಷ್ಟ ಕ್ಯಾನ್ಸರಿನ ಅಪಾಯವನ್ನು ಒಡ್ಡಬಲ್ಲದು. ಆದಕಾರಣ ಉದ್ದನೆಯ ಅನುಕ್ರಮಗಳನ್ನು ಓದುವ ಪರೀಕ್ಷೆಗಳೂ ಅಗತ್ಯವಾಗಿವೆ.

ಡೇವಿಡ್ ಲಿಯು ಅವರ ಪ್ರಯೋಗಾಲಯದಿಂದ ಬಂದ ಬೇಸ್ ಎಡಿಟಿಂಗ್ (2016) ಮತ್ತು ಪ್ರೈಮ್ ಎಡಿಟಿಂಗ್ (2019) ವಿಧಾನಗಳು ಡಿಎನ್‌ಎಯ ಎರಡೂ ಎಳೆಗಳನ್ನು ಒಟ್ಟಿಗೆ ಕತ್ತರಿಸದೆಯೇ ತಿದ್ದುಪಡಿ ಮಾಡುತ್ತವೆ.