ನಿಯಂತ್ರಣ ವಿಳಂಬ ಮತ್ತು ಸಣ್ಣ ಕಂಪನಿಗಳು

ನಿಯಂತ್ರಣ ವಿಳಂಬ ಎಂದರೆ ಔಷಧ, ವೈದ್ಯಕೀಯ ಉಪಕರಣ, ಆಹಾರ, ಬೀಜ, ಗಣಿಗಾರಿಕೆ ಮೊದಲಾದ ಕ್ಷೇತ್ರಗಳಲ್ಲಿ ಸರ್ಕಾರದ ಅನುಮೋದನೆ ಕೋರಿ ಸಲ್ಲಿಸಿದ ಅರ್ಜಿಯು ನಿರೀಕ್ಷಿತ ಅವಧಿಯೊಳಗೆ ಇತ್ಯರ್ಥವಾಗದೆ ಉಳಿಯುವುದು. ಇದು ನಿರಾಕರಣೆಗಿಂತ ಭಿನ್ನವಾದುದು. ಅರ್ಜಿ ತಿರಸ್ಕೃತವಾದರೆ ಕಂಪನಿಯು ಆ ಯೋಜನೆಯನ್ನು ಕೈಬಿಟ್ಟು ಉಳಿದ ಹಣವನ್ನು ಬೇರೆಡೆ ತೊಡಗಿಸಬಹುದು. ತೀರ್ಮಾನವೇ ಬಾರದಿದ್ದಾಗ ಖರ್ಚು ಮುಂದುವರಿಯುತ್ತದೆ, ಆದಾಯ ಮಾತ್ರ ಆರಂಭವಾಗುವುದಿಲ್ಲ. ಈ ಹೊರೆ ಒಂದೇ ಉತ್ಪನ್ನವನ್ನು ನೆಚ್ಚಿಕೊಂಡ ಸಣ್ಣ ಕಂಪನಿಗಳ ಮೇಲೆ ಮತ್ತು ಅವುಗಳ ದೀರ್ಘಾವಧಿ ಷೇರುದಾರರ ಮೇಲೆ ಹೆಚ್ಚಾಗಿ ಬೀಳುತ್ತದೆ.

ಪರಿಣಾಮದ ಬಗೆ

ದೊಡ್ಡ ಕಂಪನಿಯೊಂದರ ಹಲವು ಉತ್ಪನ್ನಗಳು ಈಗಾಗಲೇ ಮಾರುಕಟ್ಟೆಯಲ್ಲಿರುತ್ತವೆ. ಒಂದು ಅರ್ಜಿ ತಡವಾದರೆ ಉಳಿದವುಗಳ ಲಾಭವು ಅದರ ವೆಚ್ಚವನ್ನು ಭರಿಸುತ್ತದೆ. ಸಣ್ಣ ಕಂಪನಿಗೆ ಇಂತಹ ಆಸರೆ ಇರುವುದಿಲ್ಲ. ವೇತನ, ಪ್ರಯೋಗಾಲಯದ ಬಾಡಿಗೆ, ಕಾನೂನು ಸಲಹೆ ಮತ್ತು ಹೆಚ್ಚುವರಿ ಪರೀಕ್ಷೆಗಳ ವೆಚ್ಚವನ್ನು ಅದು ಬಂಡವಾಳದಿಂದಲೇ ಭರಿಸಬೇಕು. ಮಾರಾಟವಿಲ್ಲದ ಕಂಪನಿಗೆ ಬ್ಯಾಂಕುಗಳು ಸಾಲ ನೀಡುವುದು ಅಪರೂಪವಾದ್ದರಿಂದ ಹೊಸ ಷೇರುಗಳನ್ನು ಹೊರಡಿಸುವುದೇ ಮುಖ್ಯ ಮಾರ್ಗವಾಗುತ್ತದೆ.

ಹೊಸ ಷೇರುಗಳು ಹೊರಬಂದಂತೆ ಹಳೆಯ ಷೇರುದಾರರ ಪಾಲು ತೆಳುವಾಗುತ್ತದೆ. ಉದಾಹರಣೆಗೆ, 1 ಕೋಟಿ ಷೇರುಗಳಿರುವ ಕಾಲ್ಪನಿಕ ಕಂಪನಿಯೊಂದರಲ್ಲಿ ಒಬ್ಬರ ಬಳಿ 1 ಲಕ್ಷ ಷೇರುಗಳಿವೆ ಎಂದಿಟ್ಟುಕೊಳ್ಳೋಣ. ಅವರ ಪಾಲು ಶೇ. 1. ಕಂಪನಿಗೆ ವರ್ಷಕ್ಕೆ 10 ಕೋಟಿ ರೂಪಾಯಿ ಬೇಕು. ಮೊದಲ ವರ್ಷ ಷೇರಿನ ಬೆಲೆ 50 ರೂಪಾಯಿ ಇದ್ದರೆ 20 ಲಕ್ಷ ಹೊಸ ಷೇರುಗಳನ್ನು ಮಾರಬೇಕಾಗುತ್ತದೆ. ವಿಳಂಬದ ಸುದ್ದಿಯಿಂದ ಎರಡನೆಯ ವರ್ಷ ಬೆಲೆ 40 ರೂಪಾಯಿಗೆ ಇಳಿದರೆ 25 ಲಕ್ಷ, ಮೂರನೆಯ ವರ್ಷ 25 ರೂಪಾಯಿಗೆ ಇಳಿದರೆ 40 ಲಕ್ಷ ಷೇರುಗಳು ಬೇಕು. ಮೂರು ವರ್ಷಗಳಲ್ಲಿ ಒಟ್ಟು ಷೇರುಗಳು 1.85 ಕೋಟಿಯಾಗಿ, ಒಂದು ಷೇರನ್ನೂ ಮಾರದ ಹೂಡಿಕೆದಾರರ ಪಾಲು ಶೇ. 0.54ಕ್ಕೆ ಕುಸಿಯುತ್ತದೆ. ಬೆಲೆ ಇಳಿದಷ್ಟೂ ಅದೇ ಮೊತ್ತಕ್ಕೆ ಹೆಚ್ಚು ಷೇರುಗಳನ್ನು ನೀಡಬೇಕಾಗುವುದರಿಂದ ಈ ಕುಸಿತದ ವೇಗ ವರ್ಷದಿಂದ ವರ್ಷಕ್ಕೆ ಏರುತ್ತದೆ.

ಕಾಲವೂ ಮೌಲ್ಯವನ್ನು ಕುಗ್ಗಿಸುತ್ತದೆ. ವಾರ್ಷಿಕ ಶೇ. 15ರ ಪ್ರತಿಫಲವನ್ನು ಅಳತೆಗೋಲಾಗಿ ಇಟ್ಟುಕೊಂಡರೆ, 3 ವರ್ಷಗಳ ನಂತರ ಬರುವ 100 ಕೋಟಿ ರೂಪಾಯಿಯ ಇಂದಿನ ಮೌಲ್ಯ ಸುಮಾರು 66 ಕೋಟಿ. 8 ವರ್ಷಗಳ ನಂತರ ಬರುವುದಾದರೆ ಸುಮಾರು 33 ಕೋಟಿ ಮಾತ್ರ. ಇದರ ಜೊತೆಗೆ, ಪೇಟೆಂಟ್‌ನ 20 ವರ್ಷಗಳ ಅವಧಿಯು ಅರ್ಜಿ ಸಲ್ಲಿಸಿದ ದಿನದಿಂದಲೇ ಆರಂಭವಾಗುವುದರಿಂದ, ಕಾಯುವ ಪ್ರತಿ ವರ್ಷವೂ ಮಾರಾಟದ ಏಕಸ್ವಾಮ್ಯದ ಅವಧಿಯನ್ನು ಕಡಿಮೆ ಮಾಡುತ್ತದೆ.

ಆಕ್ವಾಬೌಂಟಿ ಪ್ರಕರಣ

ಅಮೆರಿಕದ ಆಕ್ವಾಬೌಂಟಿ ಟೆಕ್ನಾಲಜೀಸ್ ಕಂಪನಿಯ ಇತಿಹಾಸವು ನಿಯಂತ್ರಣ ವಿಳಂಬಕ್ಕೆ ಪ್ರಸಿದ್ಧ ನಿದರ್ಶನವಾಗಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1989ರಲ್ಲಿ ಅಟ್ಲಾಂಟಿಕ್ ಸಾಲ್ಮನ್ ಮೀನಿಗೆ ಚಿನೂಕ್ ಸಾಲ್ಮನ್‌ನ ಬೆಳವಣಿಗೆ ಹಾರ್ಮೋನಿನ ವಂಶವಾಹಿಯನ್ನು ಸೇರಿಸಿ, ಶೀಘ್ರವಾಗಿ ಬೆಳೆಯುವ ತಳಿಯನ್ನು ರೂಪಿಸಿದರು. ಈ ತಳಿಯ ಅನುಮೋದನೆಗಾಗಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದೊಡನೆ (ಎಫ್‌ಡಿಎ) 1995ರಲ್ಲಿ ಪ್ರಕ್ರಿಯೆ ಆರಂಭವಾಯಿತು. ಆಗ ವಂಶವಾಹಿ ಮಾರ್ಪಡಿಸಿದ ಪ್ರಾಣಿಗಳಿಗೆ ಪ್ರತ್ಯೇಕ ಮಾರ್ಗಸೂಚಿಯೇ ಇರಲಿಲ್ಲ. ಅದು ಅಂತಿಮಗೊಂಡದ್ದು 2009ರಲ್ಲಿ. 2010ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿಯು ವಿಷಯವನ್ನು ಬಹಿರಂಗವಾಗಿ ಚರ್ಚಿಸಿತು. ಆದರೆ ಪರಿಸರ ಪರಿಣಾಮದ ಕರಡು ವರದಿ ಪ್ರಕಟವಾಗಲು 2012ರ ಡಿಸೆಂಬರ್‌ವರೆಗೆ, ಅನುಮೋದನೆ ದೊರೆಯಲು 2015ರ ನವೆಂಬರ್ 19ರವರೆಗೆ ಕಾಯಬೇಕಾಯಿತು.

ಕಂಪನಿಯು 2006ರಲ್ಲಿ ಲಂಡನ್‌ನ ಎಐಎಂ ಷೇರುಪೇಟೆಯಲ್ಲಿ ನೋಂದಾಯಿತವಾಗಿತ್ತು. ವಿಳಂಬದ ವರ್ಷಗಳಲ್ಲಿ ಅದು ನೌಕರರ ಸಂಖ್ಯೆಯನ್ನು ಕಡಿತಗೊಳಿಸಿ, ಮತ್ತೆ ಮತ್ತೆ ಹೊಸ ಬಂಡವಾಳದ ಮೊರೆಹೋಯಿತು. ಜಾರ್ಜಿಯಾ ದೇಶದ ಮಾಜಿ ಸಚಿವ ಕಾಖಾ ಬೆಂಡುಕಿಡ್ಜೆ ಅದರ ಪ್ರಮುಖ ಷೇರುದಾರರಾಗಿದ್ದರು. ಅವರ ಪಾಲು 2012ರಲ್ಲಿ ಇಂಟ್ರೆಕ್ಸಾನ್ ಕಂಪನಿಯ ಕೈಸೇರಿತು. ಅನುಮೋದನೆಗೆ ಒಂದು ವರ್ಷ ಮುಂಚೆ, 2014ರ ನವೆಂಬರ್‌ನಲ್ಲಿ ಅವರು ನಿಧನರಾದರು.

ಅನುಮೋದನೆಯ ನಂತರವೂ ಕಾಯುವಿಕೆ ಮುಗಿಯಲಿಲ್ಲ. ಲೇಬಲ್ ನಿಯಮಗಳು ಸಿದ್ಧವಾಗಿಲ್ಲವೆಂಬ ಕಾರಣಕ್ಕೆ 2016ರ ಜನವರಿಯಲ್ಲಿ ಹೇರಿದ ಆಮದು ತಡೆಯನ್ನು 2019ರ ಮಾರ್ಚ್‌ನಲ್ಲಿ ತೆರವುಗೊಳಿಸಲಾಯಿತು. ಕೆನಡಾದಲ್ಲಿ ಮಾರಾಟ 2017ರಲ್ಲಿ ಆರಂಭವಾದರೆ, ಅಮೆರಿಕದಲ್ಲಿ ಮೊದಲ ವಾಣಿಜ್ಯ ಇಳುವರಿ ದೊರೆತದ್ದು 2021ರಲ್ಲಿ. ಮುಂದೆ ಒಹಾಯೊದಲ್ಲಿನ ಹೊಸ ಸಾಕಣೆ ಕೇಂದ್ರದ ನಿರ್ಮಾಣ ವೆಚ್ಚ ಏರಿ, ಬಂಡವಾಳವೂ ಸಾಲದೆ, 2024ರ ಡಿಸೆಂಬರ್‌ನಲ್ಲಿ ಕಂಪನಿಯು ಮೀನು ಸಾಕಣೆಯನ್ನು ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಈ ಅಂತ್ಯಕ್ಕೆ ವಿಳಂಬವೊಂದನ್ನೇ ಹೊಣೆ ಮಾಡಲಾಗದು.

ವಿಳಂಬದ ಸಮರ್ಥನೆ

ನಿಧಾನಗತಿಯ ಪರಿಶೀಲನೆಯು ಸಾರ್ವಜನಿಕರನ್ನು ರಕ್ಷಿಸಿದ ನಿದರ್ಶನಗಳಿವೆ. ಥಾಲಿಡೊಮೈಡ್ ಔಷಧದ ಅರ್ಜಿ 1960ರಲ್ಲಿ ಎಫ್‌ಡಿಎಗೆ ಬಂದಾಗ, ಫ್ರಾನ್ಸಿಸ್ ಕೆಲ್ಸಿ ಸುರಕ್ಷತೆಯ ಹೆಚ್ಚಿನ ಪುರಾವೆ ಕೇಳಿ ಅನುಮೋದನೆಯನ್ನು ತಡೆಹಿಡಿದರು. ಯುರೋಪಿನಲ್ಲಿ ಆ ಔಷಧದಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದೊಂದಿಗೆ ಜನಿಸಿದವು. ಸಾಲ್ಮನ್ ಪ್ರಕರಣದಲ್ಲಿಯೂ, ಮೀನು ತಪ್ಪಿಸಿಕೊಂಡರೆ ಉಂಟಾಗುವ ಪರಿಸರ ಪರಿಣಾಮವನ್ನು ಎಫ್‌ಡಿಎ ಸಾಕಷ್ಟು ಪರಿಶೀಲಿಸಿಲ್ಲವೆಂದು ಅಮೆರಿಕದ ಫೆಡರಲ್ ನ್ಯಾಯಾಲಯವು 2020ರ ನವೆಂಬರ್‌ನಲ್ಲಿ ತೀರ್ಪು ನೀಡಿತು. ಹೀಗಾಗಿ ಪುರಾವೆ ಸಂಗ್ರಹಕ್ಕೆ ಬೇಕಾದ ಕಾಲವನ್ನೂ, ನಿಯಮಗಳೇ ಇಲ್ಲದೆ ಅಥವಾ ಕಡತ ಚಲಿಸದೆ ವ್ಯರ್ಥವಾಗುವ ಕಾಲವನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ.

ಪರಿಹಾರ ಕ್ರಮಗಳು

ಅಮೆರಿಕದಲ್ಲಿ 1984ರ ಹ್ಯಾಚ್–ವ್ಯಾಕ್ಸ್‌ಮನ್ ಕಾಯ್ದೆಯು ಪರಿಶೀಲನೆಯಲ್ಲಿ ಕಳೆದ ಕಾಲಕ್ಕೆ ಬದಲಾಗಿ ಪೇಟೆಂಟನ್ನು ಗರಿಷ್ಠ 5 ವರ್ಷ ವಿಸ್ತರಿಸಲು ಅವಕಾಶ ನೀಡಿತು. 1992ರ ಕಾಯ್ದೆಯೊಂದು ಔಷಧ ಕಂಪನಿಗಳಿಂದ ಶುಲ್ಕ ಪಡೆದು ಕಾಲಮಿತಿಯೊಳಗೆ ಅರ್ಜಿಗಳನ್ನು ಪರಿಶೀಲಿಸುವ ವ್ಯವಸ್ಥೆಯನ್ನು ತಂದಿತು. ಸಣ್ಣ ಕಂಪನಿಗಳ ಮೊದಲ ಅರ್ಜಿಗೆ ಶುಲ್ಕ ವಿನಾಯಿತಿಯೂ ಇದೆ. ಭಾರತದಲ್ಲಿ ಪೇಟೆಂಟ್ ಅವಧಿಯ ವಿಸ್ತರಣೆಗೆ ಅವಕಾಶವಿಲ್ಲ. ಆದರೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ದೇಶದಲ್ಲಿಯೇ ಸಂಶೋಧಿಸಿ ತಯಾರಿಸಲಿರುವ ಔಷಧದ ಪ್ರಯೋಗಕ್ಕೆ ಸಲ್ಲಿಸಿದ ಅರ್ಜಿಯನ್ನು 30 ಕೆಲಸದ ದಿನಗಳೊಳಗೆ ತೀರ್ಮಾನಿಸಬೇಕು. ಉತ್ತರ ಬಾರದಿದ್ದರೆ ಅನುಮತಿ ದೊರೆತಂತೆಯೇ ಪರಿಗಣಿಸಲಾಗುತ್ತದೆ.