ಬೆಲೆ ಹೇಳುವವರು ಸಂಘ ಕಟ್ಟಿದ ಕತೆ

ಬೆಂಗಳೂರಿನ ತಿಲಕ್ ನಗರದಲ್ಲಿ ಆರೇಳು ಕಿರಾಣಿ ಅಂಗಡಿಗಳಿಗೆ ನಾನು ವರ್ಷಕ್ಕೆ ನಾಲ್ಕೈದು ಸಲ ರಾಗಿ, ಹುರುಳಿ, ಒಣ ಅವರೆಕಾಳು ಹಾಕುತ್ತೇನೆ. ಜಯನಗರಕ್ಕೆ ಅಂಟಿಕೊಂಡ ಬಡಾವಣೆ ಅದು. ಅಲ್ಲಿ ಒಂದು ಸಂಗತಿ ಗಮನಿಸಿದ್ದೇನೆ. ಮೊದಲನೇ ಅಂಗಡಿಯವರು ಹೇಳಿದ ರೇಟೇ ಆರನೇ ಅಂಗಡಿಯಲ್ಲೂ. ಹೆಚ್ಚೆಂದರೆ ಕಿಲೋಗೆ ಐವತ್ತು ಪೈಸೆ ಆಚೀಚೆ. ನಮ್ಮೂರಲ್ಲಿ ಅದೇ ದಿನ ಹತ್ತು ಜನ ರಾಗಿ ಮಾರಿದರೆ ಹತ್ತು ರೇಟು. ಒಬ್ಬ ಮಾರಿದ್ದು ಪಕ್ಕದ ಮನೆಯವನಿಗೆ ಗೊತ್ತಿರುವುದಿಲ್ಲ, ಗೊತ್ತಾದರೂ ನಿಜ ಹೇಳುವುದಿಲ್ಲ.

ಇದ್ಯಾಕೆ ಹೀಗೆ ಅಂತ ಒಬ್ಬ ಅಂಗಡಿ ಸಾಹೇಬರನ್ನು ಕೇಳಿದೆ. ಅವರು ನಕ್ಕು, "ಯಜಮಾನ್ರೆ, ಯಶವಂತಪುರದ ನಿನ್ನೆ ಧಾರಣೆ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋದ್ರೊಳಗೆ ಫೋನಿಗೆ ಬಂದು ಬಿದ್ದಿರ್ತದೆ. ಸಗಟು ವರ್ತಕರಿಗೆ ಸಂಘ ಇದೆ, ಅದರ ಮೇಲೆ ಛೇಂಬರ್ ಇದೆ. ನಿಮ್ದೇನಿದೆ?" ಅಂದರು.

ನಮ್ಮದೇನಿದೆ ಅನ್ನುವ ಮಾತು ಆಮೇಲೆ ನೋಡೋಣ. ಛೇಂಬರ್ ಅನ್ನುವುದು ಎಲ್ಲಿಂದ ಬಂತು, ಅದು ಮಾಡುವ ಕೆಲಸ ಏನು ಅನ್ನುವುದನ್ನು ಓದಿ, ಕೇಳಿ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ನಾವು ಬೆಳೆದದ್ದಕ್ಕೆ ಬೆಲೆ ಹೇಳುವವರ ಮನೆಯ ಒಳಗು ನಮಗೆ ಗೊತ್ತಿರಬೇಕು.

ವರ್ತಕರು ಒಟ್ಟಾಗುವುದು ನಮ್ಮ ನಾಡಿಗೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಐಹೊಳೆಯ ಐನೂರ್ವರು ಅಂತ ದೊಡ್ಡ ವರ್ತಕ ಸಂಘ ಇತ್ತು. ಶಾಸನಗಳಲ್ಲಿ ಅಯ್ಯಾವೊಳೆ ಐನೂರ್ವರು ಅಂತ ಬರುತ್ತದೆ. ದಕ್ಷಿಣ ದೇಶವೆಲ್ಲ ಅವರ ವ್ಯಾಪಾರ, ಸಮುದ್ರ ದಾಟಿಯೂ ಹೋಗುತ್ತಿದ್ದರು. ಪೇಟೆ ಊರುಗಳಲ್ಲಿ ವರ್ತಕರ ಮುಖಂಡನಿಗೆ ಪಟ್ಟಣಸ್ವಾಮಿ ಅಂತ ಹೆಸರು. ಸುಂಕದ ಮಾತು, ಸಂತೆಯ ಮಾತು ಬಂದಾಗ ಅರಸರ ಕಡೆಯವರು ಅವನನ್ನು ಕೂರಿಸಿಕೊಂಡು ಮಾತಾಡಬೇಕಾಗಿತ್ತು.

ಈಗಿನ ಮಾದರಿಯ ಛೇಂಬರ್ ಮಾತ್ರ ಹೊರಗಿನಿಂದ ಬಂದದ್ದು. ಛೇಂಬರ್ ಅಂದರೆ ಬರೀ ಕೊಠಡಿ. ವರ್ತಕರು ಕೂತು ಮಾತಾಡುವ ಕೊಠಡಿ. ಫ್ರಾನ್ಸ್ ದೇಶದ ಮಾರ್ಸೇಲ್ ಬಂದರಿನಲ್ಲಿ 1599ರಲ್ಲಿ ಆದದ್ದೇ ಮೊದಲನೆಯದು ಅಂತಾರೆ. ನಮ್ಮ ದೇಶದಲ್ಲಿ ಬೊಂಬಾಯಿ, ಮದರಾಸಿನಲ್ಲಿ 1836ರಲ್ಲಿ ಇಂಗ್ಲಿಷ್ ವರ್ತಕರು ಕಟ್ಟಿಕೊಂಡರು. ನಮ್ಮವರಿಗೆ ಅಲ್ಲಿ ಹೆಚ್ಚು ಜಾಗ ಇರಲಿಲ್ಲ. 1907ರಲ್ಲಿ ಬೊಂಬಾಯಿಯ ದೇಶೀ ವರ್ತಕರು ಬೇರೆಯೇ ಛೇಂಬರ್ ಮಾಡಿಕೊಂಡರು.

ಮೈಸೂರು ಸೀಮೆಯ ಕತೆ ಸ್ವಲ್ಪ ಬೇರೆ. ಇದನ್ನು ನಮ್ಮ ಓದುಗರು ಗಮನವಿಟ್ಟು ಓದಬೇಕು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಗೆ 144 ಜನ. ತಾಲ್ಲೂಕಿಗೆ ಒಬ್ಬಿಬ್ಬರು ಸಾಗುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು. ದಸರಾ ಕಾಲಕ್ಕೆ ಮೈಸೂರಿನಲ್ಲಿ ಕೂರುವುದು, ದಿವಾನರು ವರ್ಷದ ವರದಿ ಓದುವುದು, ಬಂದವರು ಅಹವಾಲು ಹೇಳುವುದು. ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಅಹವಾಲು ಅಷ್ಟೇ. ಆದರೂ ಲೆಕ್ಕ ಹಾಕಿ ನೋಡಿ, ಅಲ್ಲಿ ರೈತರ ತಲೆ ವರ್ತಕರ ತಲೆಗಿಂತ ಹೆಚ್ಚು. ಕುರ್ಚಿ ನಮಗೆ ಮೊದಲೇ ಸಿಕ್ಕಿತ್ತು.

ಆಮೇಲೆ 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಅಂತ ಆಯಿತು. ಆಗ ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರ ಯೋಚನೆ ಅದು. ಅದರಲ್ಲಿ ಬೇಸಾಯಕ್ಕೊಂದು, ವಿದ್ಯೆಗೊಂದು, ಕೈಗಾರಿಕೆ ವ್ಯಾಪಾರಕ್ಕೊಂದು ಸಮಿತಿ. ಮರುವರ್ಷ ಅವರೇ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್ ಆಯಿತು. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧದ ಮರ ಇಲ್ಲೇ ನಿಂತುಬಿಟ್ಟಿತು. ಕೊಳ್ಳುವವರಿಲ್ಲ. ಮರ ಮಾರುವ ಬದಲು ಎಣ್ಣೆಯನ್ನೇ ತೆಗೆಯೋಣ ಅಂತ ಬೆಂಗಳೂರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು ಈ ತೊಂದರೆಯಿಂದಲೇ. ದೂರದ ಪೇಟೆ ಒಂದು ದಿನ ಬಾಗಿಲು ಹಾಕಿದರೆ ಏನು ಗತಿ ಅನ್ನುವುದು ಸರ್ಕಾರಕ್ಕೂ ವರ್ತಕರಿಗೂ ಒಟ್ಟಿಗೆ ಗೊತ್ತಾದ ಕಾಲ ಅದು. ಅಂಥ ಹೊತ್ತಲ್ಲಿ, 1916ರಲ್ಲಿ, ವಿಶ್ವೇಶ್ವರಯ್ಯನವರು ಮುಂದೆ ನಿಂತು ಮೈಸೂರು ಛೇಂಬರ್ ಆಫ್ ಕಾಮರ್ಸ್ ಕಟ್ಟಿಸಿದರು.

ಆಗಿನ ಬೆಂಗಳೂರು ಈಗಿನಂತಲ್ಲ. ಕಂಟೋನ್ಮೆಂಟ್ ಬಿಟ್ಟರೆ ಪೇಟೆ ಕಡೆಯ ಊರಲ್ಲಿ ಜನ ಒಂದು ಲಕ್ಷವೂ ಇರಲಿಲ್ಲ. ವ್ಯಾಪಾರವೆಲ್ಲ ಪೇಟೆಗಳ ಒಳಗೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ತರಗುಪೇಟೆ. ತರಗು ಅಂದರೆ ದಲ್ಲಾಳಿ ವ್ಯಾಪಾರ ಅಂತಲೇ ಅರ್ಥ. ಹಳ್ಳಿ ಗಾಡಿ ಬಂದು ನಿಲ್ಲುತ್ತಿದ್ದದ್ದು ಅಲ್ಲಿ. ಈಗಿನ ತಿಲಕ್ ನಗರದ ಕಡೆ ಆಗ ಬೈರಸಂದ್ರದಂಥ ಹಳ್ಳಿಗಳು, ಕೆರೆ, ಹೊಲ. ಜಯನಗರಕ್ಕೆ ರಾಜಗೋಪಾಲಾಚಾರಿಯವರು ಅಡಿಗಲ್ಲು ಹಾಕಿದ್ದೇ 1948ರಲ್ಲಿ. ಈವತ್ತು ನನ್ನ ರಾಗಿ ಕೊಳ್ಳುವ ಅಂಗಡಿ ಸಾಲು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲವೇ ಇದ್ದೀತು.

ಮುಂದೆ ಬೇರೆ ಊರುಗಳಲ್ಲೂ ಇಂಥ ಸಂಸ್ಥೆಗಳು ಎದ್ದವು. ಹುಬ್ಬಳ್ಳಿಯಲ್ಲಿ 1928ರಲ್ಲಿ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಮಂಗಳೂರಲ್ಲಿ 1940ರಲ್ಲಿ ಕೆನರಾ ಛೇಂಬರ್. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು. ಮೈಸೂರು ಛೇಂಬರೂ ಹೆಸರು ಬದಲಾಗಿ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ, ಅಂದರೆ ಎಫ್‌ಕೆಸಿಸಿಐ ಆಗಿದೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಅದರ ಕಟ್ಟಡ. 2016ಕ್ಕೆ ನೂರು ವರ್ಷ ತುಂಬಿತು. ಜಿಲ್ಲೆಗಳ ವಾಣಿಜ್ಯ ಸಂಸ್ಥೆಗಳು, ಬೇರೆ ಬೇರೆ ಸರಕಿನ ವರ್ತಕರ ಸಂಘಗಳು ಅದರ ಕೆಳಗೆ ಸದಸ್ಯರು. ಅಧ್ಯಕ್ಷರು ವರ್ಷಕ್ಕೊಬ್ಬರು. 2023-24ರಲ್ಲಿ ಅಧ್ಯಕ್ಷರಾಗಿದ್ದ ರಮೇಶ್ ಚಂದ್ರ ಲಾಹೋಟಿಯವರು ಬೇಳೆಕಾಳು, ಧಾನ್ಯದ ಸಗಟು ವ್ಯಾಪಾರದಿಂದ ಬಂದವರು. ಅಂದರೆ ನಮ್ಮ ಕಾಳಿನ ವ್ಯಾಪಾರ ಅಲ್ಲಿ ಮೂಲೆಯಲ್ಲಿ ಕೂತಿಲ್ಲ.

ಹಾಗಾದರೆ ಅದು ಮಾಡುವುದೇನು? ಅದು ಸರಕು ಕೊಳ್ಳುವುದಿಲ್ಲ, ಮಾರುವುದಿಲ್ಲ. ಸಾಲ ಕೊಡುವುದಿಲ್ಲ. ನನಗೆ ಮೊದಲು ಇದೇ ಸೋಜಿಗ ಅನ್ನಿಸಿತು. ಸಾಲ ಕೊಡದ ಸಂಘಕ್ಕೆ ಜನ ಚಂದಾ ಕಟ್ಟುತ್ತಾರಾ ಅಂತ. ಕಟ್ಟುತ್ತಾರೆ. ಅಲ್ಲಿಯ ಮುಖ್ಯ ಕೆಲಸ ಕಾಗದದ್ದು. ಹೊಸ ತೆರಿಗೆ ಬಂದರೆ, ಕಾಯ್ದೆಯ ಕರಡು ಬಂದರೆ ಅದನ್ನು ಓದುವುದಕ್ಕೆ ಜನ ಇರುತ್ತಾರೆ. ಇಂಥ ಕಲಮಿನಿಂದ ನಮಗೆ ಇಷ್ಟು ನಷ್ಟ ಅಂತ ಲೆಕ್ಕ ಹಾಕಿ ಬರೆಯುತ್ತಾರೆ. ಬಜೆಟ್ ಮುಂಚೆ ಸರ್ಕಾರಕ್ಕೆ ಮನವಿ ಹೋಗುತ್ತದೆ. ಮಂತ್ರಿಯನ್ನು ತಮ್ಮ ಸಭಾಂಗಣಕ್ಕೇ ಕರೆಸಿ ಕೂರಿಸಿ ಕೇಳುತ್ತಾರೆ. ಹೊರದೇಶಕ್ಕೆ ಸರಕು ಹೋಗುವಾಗ ಇದು ಇಂಥ ದೇಶದ ಮಾಲು ಅಂತ ಒಂದು ಪತ್ರ ಬೇಕು, ಅದನ್ನು ಛೇಂಬರು ಕೊಡುತ್ತದೆ. ವರ್ತಕ ವರ್ತಕರ ನಡುವಿನ ತಕರಾರನ್ನು ಕೋರ್ಟಿಗೆ ಹೋಗದೆ ಕೂತು ಬಗೆಹರಿಸುವುದು ಪ್ರಪಂಚದ ಎಲ್ಲ ಛೇಂಬರುಗಳ ಹಳೆಯ ಕೆಲಸ. ಅಂಗಡಿ ಎದುರು ಅಂಗಡಿ ಇಟ್ಟು ಪೈಪೋಟಿ ಮಾಡುವವರೇ ತೆರಿಗೆ ವಿಷಯಕ್ಕೆ ಒಂದೇ ಬೆಂಚಲ್ಲಿ ಕೂರುತ್ತಾರೆ.

ಇದರ ಬಲ ಏನು ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2020ರಲ್ಲಿ ಎಪಿಎಂಸಿ ಕಾಯ್ದೆ ತಿದ್ದುಪಡಿಯಾಗಿ ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಶುಲ್ಕ ಇಲ್ಲ ಅಂತಾಯಿತು. ಒಳಗೆ ಕೂತ ವರ್ತಕರು ಹೊರಗೆ ಪುಕ್ಕಟೆ, ಒಳಗೆ ಯಾಕೆ ಕಟ್ಟಬೇಕು ಅಂತ ಎದ್ದರು. ನೂರು ರೂಪಾಯಿಗೆ ಒಂದೂವರೆ ರೂಪಾಯಿ ಇದ್ದ ಮಾರುಕಟ್ಟೆ ಶುಲ್ಕ ಮೂವತ್ತೈದು ಪೈಸೆಗೆ ಇಳಿಯಿತು. ಅಷ್ಟರಲ್ಲಿ ಸಮಿತಿಗಳು ನಡೆಯುವುದಿಲ್ಲ ಅಂತ ಸರ್ಕಾರ ಅದನ್ನು ಒಂದು ರೂಪಾಯಿಗೆ ಏರಿಸಿತು. ಮತ್ತೆ ವರ್ತಕರ ಗಲಾಟೆ. 2021 ಶುರುವಾಗುವ ಹೊತ್ತಿಗೆ ಅರವತ್ತು ಪೈಸೆಗೆ ಬಂತು. ಒಂದು ವರ್ಷದೊಳಗೆ ಮೂರು ಸಲ ದರ ಬದಲಾಯಿತು. ಈ ಶುಲ್ಕ ಕಾಯ್ದೆ ಪ್ರಕಾರ ಕೊಳ್ಳುವವನದ್ದು. ಆದರೆ ಕೊಳ್ಳುವವನು ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ನಮಗೆ ರೇಟು ಹೇಳುವುದು. ಇನ್ನೊಂದು ಕಡೆ ಹರಾಜು ಕಟ್ಟೆ, ಗೋದಾಮು, ಕುಡಿಯುವ ನೀರು, ದೀಪ ಎಲ್ಲ ಆಗಬೇಕಾದ್ದೂ ಇದೇ ದುಡ್ಡಿನಲ್ಲಿ. ಎರಡು ಕಡೆಯಿಂದಲೂ ನಮಗೆ ಸಂಬಂಧಪಟ್ಟ ಮಾತು. ಆ ವರ್ಷ ರೈತ ಸಂಘಟನೆಗಳು ಬೀದಿಗಿಳಿದು ಇಡೀ ತಿದ್ದುಪಡಿ ಬೇಡ ಅಂತ ಹೋರಾಡಿದವು, ಅದು ಬೇಕಾಗಿತ್ತು. ಆದರೆ ಶುಲ್ಕ ಎಷ್ಟಿದ್ದರೆ ಒಣಭೂಮಿ ರೈತನಿಗೆ ಒಳ್ಳೆಯದು, ಅದರಲ್ಲಿ ಕಟ್ಟೆಗೆ ಎಷ್ಟು ಹೋಗಬೇಕು ಅಂತ ಲೆಕ್ಕ ಬರೆದು ಕೊಟ್ಟ ಕಾಗದ ನಮ್ಮ ಕಡೆಯಿಂದ ಹೋದದ್ದನ್ನು ನಾನು ಕಾಣೆ.

ಈಗ ಆ ಸಾಹೇಬರ ಪ್ರಶ್ನೆ. ನಮ್ಮದೇನೂ ಇಲ್ಲ ಅನ್ನುವುದು ಸುಳ್ಳು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ದೇಶಕ್ಕೇ ಮೊದಲನೆಯದು. ಮೈಸೂರು ಛೇಂಬರಿಗಿಂತ ಹನ್ನೊಂದು ವರ್ಷ ಹಿರಿದು. ಆದರೆ ಅದು ಸಾಲದ ಸಂಘ. ಆಗ ಸಾಹುಕಾರರ ಬಡ್ಡಿಯೇ ಉರುಳಾಗಿತ್ತು, ಆದ್ದರಿಂದ ಅದು ಸರಿಯೇ. ಬಯಲುಸೀಮೆಯಲ್ಲಿ ನಾವು ಅಲ್ಲೇ ನಿಂತುಬಿಟ್ಟೆವು. ಸೊಸೈಟಿ ಅಂದರೆ ಗೊಬ್ಬರ, ಸಾಲ, ಸಾಲಮನ್ನಾ. ಮಾರುವ ಮಾತು ಬಂದಾಗ ಒಬ್ಬೊಬ್ಬರೇ ಮೂಟೆ ಹೊತ್ತು ಹೊರಡುತ್ತೇವೆ.

ಮಾರಾಟಕ್ಕೆ ಸಂಘ ಕಟ್ಟಿದ ರೈತರೂ ಇದ್ದಾರೆ. ಶಿರಸಿಯ ತೋಟಗಾರರು 1923ರಲ್ಲೇ ಮಾರಾಟ ಸಂಘ ಕಟ್ಟಿದರು. ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರು 1959ರಲ್ಲಿ ಮಾಡಿಕೊಂಡ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆದದ್ದು. ಮಂಗಳೂರಲ್ಲಿ 1973ರಲ್ಲಿ ಅಡಿಕೆಯವರ ಕ್ಯಾಂಪ್ಕೊ. ಇವೆಲ್ಲ ನೀರಿದ್ದ ತೋಟದವರದ್ದು, ದುಡ್ಡಿನ ಬೆಳೆಯದ್ದು ಅನ್ನಬಹುದು. ನಿಜ. ರಾಗಿ ಮನೆಗೆ ಇಟ್ಟುಕೊಂಡು ಮಿಕ್ಕಿದ್ದು ಮಾರುವ ಬೆಳೆ. ಹತ್ತು ಮೂಟೆಯವನು ಸಂಘ ಕಟ್ಟುತ್ತಾನಾ ಅಂತ ಕೇಳುತ್ತಾರೆ. ಆದರೆ ಹತ್ತು ಮೂಟೆಯವನಿಗೇ ಬೆಲೆ ಹೆಚ್ಚು ಚುಚ್ಚುವುದು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರೀದಿ ಕೇಂದ್ರ ಸಾಮಾನ್ಯವಾಗಿ ಬಾಗಿಲು ತೆಗೆಯುವುದು ಸಂಕ್ರಾಂತಿ ಆಚೀಚೆ. ಕಣ ಎತ್ತಿದ ಕೂಡಲೇ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದವನು ಅಷ್ಟರಲ್ಲಿ ಮಾರಿ ಮುಗಿಸಿರುತ್ತಾನೆ.

ಮಾರುಕಟ್ಟೆ ಸಮಿತಿಯಲ್ಲೂ ಅಷ್ಟೇ. 1966ರ ಕಾಯ್ದೆ ಪ್ರಕಾರ ಅಲ್ಲಿ ಬೆಳೆಗಾರರ ಪ್ರತಿನಿಧಿಗಳದ್ದೇ ಹೆಚ್ಚು ಸ್ಥಾನ. ವರ್ತಕರಿಗೆ ಬೆರಳೆಣಿಕೆ. ರೈತನಿಂದ ಕಮಿಷನ್ ಹಿಡಿಯುವ ಹಾಗಿಲ್ಲ ಅಂತಲೂ ಇದೆ. ಹಾಗಿದ್ದೂ ನಾನು ಮೂಟೆ ಇಳಿಸಿದ ಒಂದು ಮಂಡಿಯಲ್ಲಿ ಬಿಳಿ ಚೀಟಿ ಮೇಲೆ ಲೆಕ್ಕ ಬರೆದು, ಮಾದರಿ ಅಂತ ಬೊಗಸೆ ಬೊಗಸೆ ಕಾಳು ತೆಗೆದು, ಉಳಿದದ್ದಕ್ಕೆ ಕಮಿಷನ್ ಮುರಿದರು. ಕೇಳಿದರೆ, "ಬೇಡ ಅಂದ್ರೆ ಎತ್ಕೊಂಡು ಹೋಗಿ" ಅಂದರು. ಬಾಡಿಗೆ ಕೊಟ್ಟು ಎತ್ತಿಕೊಂಡು ಹೋಗುವುದೆಲ್ಲಿಗೆ?

ಹೋದ ಸಂಕ್ರಾಂತಿಯಿಂದ ನಮ್ಮ ಮೂರು ಹಳ್ಳಿಯ ಹದಿನಾಲ್ಕು ಜನ ಒಂದು ನೋಟು ಪುಸ್ತಕ ಇಟ್ಟಿದ್ದೇವೆ. ಸಂಘ ಅಂತ ಹೆಸರಿಲ್ಲ, ಬೋರ್ಡಿಲ್ಲ. ತಲೆಗೆ ವರ್ಷಕ್ಕೆ ನೂರು ರೂಪಾಯಿ. ಯಾರು ಎಲ್ಲಿ ಮಾರಿದರೂ ತಾರೀಖು, ಮಾಲು, ತೂಕ, ರೇಟು, ಮುರಿದ ದುಡ್ಡು ಅದರಲ್ಲಿ ಬರೆಸಬೇಕು. ಮೊದಮೊದಲು ಸುಳ್ಳು ರೇಟು ಬರೆಸಿದವರು ಇದ್ದರು, ಹೆಚ್ಚಿಗೆ ಹೇಳಿಕೊಂಡವರೇ ಜಾಸ್ತಿ! ಅದಕ್ಕೆ ಚೀಟಿ ತೋರಿಸಿದರೆ ಮಾತ್ರ ಬರೆಯುವುದು ಅಂತ ಮಾಡಿದೆವು. ಆರು ತಿಂಗಳಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ನಾವು ಕಳೆದುಕೊಂಡದ್ದು ರೇಟಿನಲ್ಲಿ ಇದ್ದದ್ದಕ್ಕಿಂತ ತೂಕ ಮತ್ತು ಮುರಿತದಲ್ಲಿ ಹೆಚ್ಚು. ಆ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಹದಿನಾಲ್ಕು ಜನ ಸಹಿ ಹಾಕಿ ಮಾರುಕಟ್ಟೆ ಸಮಿತಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇವೆ. ಉತ್ತರ ಬಂದಿಲ್ಲ. ಎರಡನೇ ಕಾಗದ ಬರೆಯುವ ಸರದಿ ಈ ತಿಂಗಳು ನನ್ನದು.