ಉಮ್ರಾ ಹೊರಡುವ ಮುನ್ನ: ವಿಮೆಯ ಅರ್ಜಿ, ಔಷಧಿಯ ಚೀಲ ಮತ್ತು ನಮ್ಮ ಪಾದಗಳು

ಎರಡು ವರ್ಷಗಳ ಹಿಂದಿನ ಮಾತು. ಹಜ್ಜ್ ಮುಗಿದು ಉಮ್ರಾ ವೀಸಾ ಮತ್ತೆ ಆರಂಭವಾಗಿತ್ತು. ಮಂಡಿನೋವಿಗಾಗಿ ಬಹಳ ಕಾಲದಿಂದ ನಮ್ಮ ದವಾಖಾನೆಗೆ ಬರುತ್ತಿದ್ದ ಅರವತ್ತೇಳು ವರ್ಷದ ಹಿರಿಯರೊಬ್ಬರು ಸಲಾಂ ಹೇಳಿ ಹೋಗಲು ಬಂದರು. ಮಗ ಟಿಕೆಟ್ ಮಾಡಿಸಿದ್ದಾನೆ, ಪತ್ನಿಯೂ ಜೊತೆಗೆ ಬರುತ್ತಿದ್ದಾರೆ, ಹದಿನೈದು ದಿನದ ಪ್ರಯಾಣ ಎಂದರು. ನಾನು ಎದ್ದು ಅಪ್ಪಿಕೊಂಡು, "ನಮಗೂ ದುಆ ಮಾಡಿ" ಎಂದೆ. ಮಂಡಿಗೆ ಹಚ್ಚಲು ಎಣ್ಣೆಯ ಬಾಟಲಿ ಕೊಟ್ಟೆ. ಅವರಿಗೆ ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ ಇರುವುದು ನನಗೆ ಗೊತ್ತಿತ್ತು. ಆದರೂ "ಪಾದ ತೋರಿಸಿ" ಎಂದು ನಾನು ಕೇಳಲಿಲ್ಲ.

ಮಕ್ಕಾದಲ್ಲಿ ನಾಲ್ಕನೆಯ ದಿನ ಝುಹರ್ ನಮಾಝಿನ ಬಳಿಕ ಹರಮ್‌ನ ಬಾಗಿಲಲ್ಲಿ ಅವರ ಚಪ್ಪಲಿ ಕಾಣೆಯಾಯಿತು. ಅಲ್ಲಿ ಅದು ದಿನವೂ ನಡೆಯುವ ಸಂಗತಿ. ಹೋಟೆಲ್ ಹತ್ತಿರವೇ ಇದೆ ಎಂದು ಬರಿಗಾಲಲ್ಲಿ ನಡೆದರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರಿಂದ ನೆಲದ ಬಿಸಿ ತಿಳಿಯಲೇ ಇಲ್ಲ. ರಾತ್ರಿ ಎರಡೂ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದನ್ನು ಪತ್ನಿ ನೋಡಿದರು. ಮೂರು ದಿನದಲ್ಲಿ ಒಂದು ಕಾಲಿಗೆ ಕೀವು, ಜ್ವರ, ಆಸ್ಪತ್ರೆ, ಶಸ್ತ್ರಚಿಕಿತ್ಸೆ. ಟಿಕೆಟ್ ಮುಂದೂಡಬೇಕಾಯಿತು. ಜಿದ್ದಾದಲ್ಲಿದ್ದ ಸಂಬಂಧಿಕರಿಂದ ಸಾಲ ಪಡೆದರು. ಊರಿಗೆ ಬಂದ ಮೇಲೆ ಎರಡು ತಿಂಗಳು ಡ್ರೆಸ್ಸಿಂಗ್ ನಡೆಯಿತು.

ಮಗ ಹೊರಡುವ ಮುನ್ನ ಒಂದು ಪ್ರವಾಸ ವಿಮೆ ಮಾಡಿಸಿದ್ದ. ಕ್ಲೇಮು ಹಾಕಿದಾಗ ಕಂಪೆನಿ ತಿರಸ್ಕರಿಸಿತು. ಕಾರಣ ಸರಳ. ಮೊಬೈಲ್‌ನಲ್ಲಿ ತುಂಬಿದ ಅರ್ಜಿಯಲ್ಲಿ "ಮೊದಲೇ ಇರುವ ಕಾಯಿಲೆಗಳು" ಎಂಬಲ್ಲಿ "ಇಲ್ಲ" ಎಂದು ಒತ್ತಿದ್ದ. ಆಸ್ಪತ್ರೆಯ ವರದಿಯ ಮೊದಲ ಸಾಲಿನಲ್ಲೇ ಹದಿನಾರು ವರ್ಷದ ಮಧುಮೇಹ ಎಂದಿತ್ತು. "ಇದೆ ಎಂದು ಹಾಕಿದ್ದರೆ ಪ್ರೀಮಿಯಂ ಜಾಸ್ತಿ ತೋರಿಸುತ್ತಿತ್ತು ಡಾಕ್ಟರೇ" ಎಂದ. ಹಿರಿಯರಿಗೆ ಹಣಕ್ಕಿಂತ ಬೇರೆ ನೋವಿತ್ತು. ಅಲ್ಲಾಹನ ಮನೆಗೆ ಹೊರಟವನ ಕಾಗದದಲ್ಲೇ ಸುಳ್ಳು ಇತ್ತಲ್ಲ ಎಂದು ಅವರು ನನ್ನ ಮುಂದೆ ಎರಡು ಸಲ ಹೇಳಿದರು. ಆ ಅರ್ಜಿಯನ್ನು ಅವರು ನೋಡಿಯೇ ಇರಲಿಲ್ಲ.

ವೀಸಾ ಜೊತೆ ಬರುವ ವಿಮೆ

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಉಮ್ರಾ ವೀಸಾ ಶುಲ್ಕದಲ್ಲೇ ಸೌದಿ ಸರಕಾರ ಕಡ್ಡಾಯ ಮಾಡಿರುವ ಒಂದು ವಿಮೆ ಸೇರಿರುತ್ತದೆ. ಟ್ರಾವೆಲ್ಸ್‌ನವರು ಇದನ್ನು ಬಾಯಿ ಬಿಟ್ಟು ಹೇಳುವುದು ಕಡಿಮೆ. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ಅಪಘಾತ, ಮರಣ ಸಂಭವಿಸಿದರೆ ಆಗುವ ಖರ್ಚು ಇವೆಲ್ಲ ಅದರಲ್ಲಿ ಬರುತ್ತವೆ. ಮಿತಿ ಒಂದು ಲಕ್ಷ ರಿಯಾಲ್, ಅಂದರೆ ಇಪ್ಪತ್ತು ಲಕ್ಷ ರೂಪಾಯಿ ಮೀರುತ್ತದೆ. ಕಡಿಮೆಯ ಮೊತ್ತವಲ್ಲ. ವೀಸಾ ಕೈಗೆ ಬಂದಾಗ ವಿಮೆಯ ವಿವರವನ್ನೂ ಕೇಳಿ ಪಡೆದು, ಮುದ್ರಿಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಆದರೆ ಅದರ ಮಿತಿಯೂ ತಿಳಿದಿರಲಿ. ಅದು ತುರ್ತು ಸ್ಥಿತಿಗೆ ಇರುವ ವಿಮೆ. ಅಪಾಯ ಕಳೆದ ಮೇಲಿನ ಮುಂದುವರಿದ ಚಿಕಿತ್ಸೆ, ನೀವು ದಿನವೂ ನುಂಗುವ ಮಾತ್ರೆ, ಹಳೆಯ ಕಾಯಿಲೆಯ ತಪಾಸಣೆ ಅದರ ಕೆಲಸವಲ್ಲ. ಸೌದಿಯ ಗಡಿ ದಾಟಿದ ಕೂಡಲೇ ಅದು ಮುಗಿಯುತ್ತದೆ. ಈಗ ಉಮ್ರಾದೊಂದಿಗೆ ಜೋರ್ಡಾನ್, ಬೈತುಲ್ ಮಕ್ದಿಸ್, ತುರ್ಕಿ ಸೇರಿಸಿದ ಪ್ಯಾಕೇಜುಗಳು ಬಂದಿವೆ. ದುಬೈಯಲ್ಲಿರುವ ಮಗಳ ಮನೆಗೆ ಇಳಿದು ಬರುವವರೂ ಇದ್ದಾರೆ. ಅಲ್ಲಿ ಎದೆನೋವು ಬಂದರೆ ಸೌದಿ ವಿಮೆ ಸಹಾಯಕ್ಕೆ ಬರುವುದಿಲ್ಲ. ಊರಿನಲ್ಲಿ ಮಾಡಿಸಿದ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ. ಆಯುಷ್ಮಾನ್ ಕಾರ್ಡ್ ವಿದೇಶದಲ್ಲಿ ನಡೆಯುವುದೇ ಇಲ್ಲ.

ಹೀಗಾಗಿ ಅರವತ್ತು ದಾಟಿದವರು, ಸಕ್ಕರೆ, ಬಿ.ಪಿ., ಹೃದಯ, ಮೂತ್ರಪಿಂಡದ ಕಾಯಿಲೆ ಇರುವವರು, ಒಂದಕ್ಕಿಂತ ಹೆಚ್ಚು ದೇಶಕ್ಕೆ ಹೋಗುವವರು ಇಲ್ಲಿಂದಲೇ ಇನ್ನೊಂದು ಪ್ರವಾಸ ವಿಮೆ ಮಾಡಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆರೋಗ್ಯವಂತ ಮೂವತ್ತರ ಯುವಕ ಸೌದಿಗೆ ಮಾತ್ರ ಹೋಗಿ ಬರುವುದಾದರೆ ನಾನು ಒತ್ತಾಯಿಸುವುದಿಲ್ಲ.

ಪಾಲಿಸಿ ಆರಿಸುವಾಗ ಜನರು ಮೊದಲು ನೋಡುವುದು ಬ್ಯಾಗ್ ಕಳೆದುಹೋದರೆ ಎಷ್ಟು ಕೊಡುತ್ತಾರೆ ಎಂದು. ಬ್ಯಾಗ್ ಹೋದರೆ ಹೋಗಲಿ. ಮೊದಲು ನೋಡಬೇಕಾದದ್ದು ಮೊದಲೇ ಇರುವ ಕಾಯಿಲೆಯ ಬಗ್ಗೆ ಏನು ಬರೆದಿದ್ದಾರೆ ಎಂಬುದು. ಕೆಲವು ಪಾಲಿಸಿಗಳು ಅದನ್ನು ಪೂರ್ತಿ ಹೊರಗಿಡುತ್ತವೆ. ಕೆಲವು ಜೀವಾಪಾಯದ ಸ್ಥಿತಿಯಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಕೆಲವಕ್ಕೆ ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಅದೂ ಸೇರುತ್ತದೆ. ಈ ಮೂರರಲ್ಲಿ ಯಾವುದು ಎಂದು ಏಜೆಂಟನ ಬಾಯಿಮಾತಿನಲ್ಲಿ ಕೇಳಬೇಡಿ, ಪಾಲಿಸಿಯ ಪುಟದಲ್ಲಿ ಬೆರಳಿಟ್ಟು ತೋರಿಸಲು ಹೇಳಿ. ಪ್ರತಿ ಕ್ಲೇಮಿನಲ್ಲೂ ಮೊದಲ ಇಷ್ಟು ಡಾಲರ್ ನಿಮ್ಮದೇ ಖರ್ಚು ಎಂಬ ಷರತ್ತು ಇರುತ್ತದೆ, ಅದು ಎಷ್ಟೆಂದು ನೋಡಿ. ಗರ್ಭಿಣಿಯರಿದ್ದರೆ ಗರ್ಭಕ್ಕೆ ಸಂಬಂಧಿಸಿದ ಖರ್ಚನ್ನು ಹೊರಗಿಟ್ಟಿದ್ದಾರೆಯೇ ಎಂದು ವಿಶೇಷವಾಗಿ ವಿಚಾರಿಸಿ. ಮೃತದೇಹವನ್ನು ಊರಿಗೆ ತರುವ ಸೌಲಭ್ಯವನ್ನು ಏಜೆಂಟರು ದೊಡ್ಡದಾಗಿ ಹೇಳುತ್ತಾರೆ. ಮಕ್ಕಾ, ಮದೀನದಲ್ಲಿ ಮರಣ ಬಂದರೆ ಅಲ್ಲೇ ದಫನ ಆಗಲಿ ಎಂದು ಬಯಸುವ ನಮ್ಮ ಜನರಿಗೆ ಅದಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ಕಾಣುವುದಿಲ್ಲ.

ಅರ್ಜಿಯನ್ನು ಮಗ ತುಂಬಲಿ, ಆದರೆ ಪಕ್ಕದಲ್ಲಿ ತಂದೆ ಕೂತಿರಲಿ. ಹಿಂದೆ ಹಾಕಿಸಿದ ಸ್ಟೆಂಟ್, ತೆಗೆದ ಗರ್ಭಕೋಶ, ನಿಲ್ಲಿಸಿದ ಮಾತ್ರೆ ಎಲ್ಲವನ್ನೂ ಬರೆಯಿರಿ. ನಿಜ ಹೇಳಿದ್ದರಿಂದ ಪ್ರೀಮಿಯಂ ಸಾವಿರ ರೂಪಾಯಿ ಹೆಚ್ಚಾದರೂ ಕೊಡಿ. ಒಂದು ಕಂಪೆನಿ ಕೊಡಲೊಪ್ಪದಿದ್ದರೆ ಇನ್ನೊಂದನ್ನು ಕೇಳಿ. ಯಾವುದೂ ಸಿಗದಿದ್ದರೆ, ವಿಮೆ ಇದೆ ಎಂಬ ಹುಸಿ ಧೈರ್ಯಕ್ಕಿಂತ ವಿಮೆ ಇಲ್ಲ ಎಂದು ತಿಳಿದು ಸ್ವಲ್ಪ ಹಣ ಎತ್ತಿಟ್ಟು ಹೋಗುವುದು ಮೇಲು.

ಆಸ್ಪತ್ರೆಗೆ ಸೇರಿದರೆ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಆ ದಿನವೇ ಕರೆ ಮಾಡಿ. ವರದಿ, ಬಿಲ್ಲು, ಔಷಧಿ ಚೀಟಿಗಳ ಮೂಲ ಪ್ರತಿಗಳನ್ನು ಇಂಗ್ಲಿಷಿನಲ್ಲಿ ಕೇಳಿ ಪಡೆಯಿರಿ. ನಿಜವನ್ನೇ ಬರೆದಿದ್ದರೂ ಕ್ಲೇಮು ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಮೊದಲು ಕಂಪೆನಿಗೆ ಲಿಖಿತ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿಮೆ ಧರ್ಮಸಮ್ಮತವೇ ಎಂದು ಈ ವಿಷಯ ಎತ್ತಿದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ನಾನು ವೈದ್ಯ, ಮುಫ್ತಿ ಅಲ್ಲ. ಇಸ್ಲಾಮೀ ರಾಷ್ಟ್ರಗಳ ಫಿಕ್‌ಹ್ ಅಕಾಡೆಮಿ 1985ರಲ್ಲಿ ಜಿದ್ದಾದಲ್ಲಿ ಸೇರಿ, ವಾಣಿಜ್ಯ ವಿಮೆಯನ್ನು ಒಪ್ಪದೆ, ಪರಸ್ಪರ ಸಹಕಾರದ ವಿಮೆಗೆ ಒಪ್ಪಿಗೆ ಕೊಟ್ಟಿತು. ಸೌದಿಯಲ್ಲಿ 2003ರ ಕಾನೂನಿನ ಪ್ರಕಾರ ವಿಮಾ ಕಂಪೆನಿಗಳು ಸಹಕಾರಿ ತತ್ವದಲ್ಲೇ ನಡೆಯಬೇಕು. ಇಲ್ಲಿನ ಪಾಲಿಸಿಯ ಬಗ್ಗೆ ನಿಮ್ಮ ನಂಬಿಕೆಯ ಆಲಿಮರನ್ನು ವಿಚಾರಿಸಿ ತೀರ್ಮಾನಿಸಿ. ತವಕ್ಕುಲ್ ಇರುವಾಗ ವಿಮೆ ಏಕೆ ಎನ್ನುವವರಿಗೆ ಒಂಟೆಯನ್ನು ಕಟ್ಟುವ ಹದೀಸ್ ಗೊತ್ತಿದ್ದೇ ಇರುತ್ತದೆ. ಅದನ್ನು ನಾವು ಹೆಚ್ಚಾಗಿ ಬೇರೆಯವರಿಗೇ ಹೇಳುತ್ತೇವೆ. ಅರ್ಜಿಯಲ್ಲಿ ಸುಳ್ಳು ಬರೆಯುವುದರ ಬಗ್ಗೆಯಂತೂ ಯಾವ ಆಲಿಮರಲ್ಲೂ ಭಿನ್ನಾಭಿಪ್ರಾಯ ಇಲ್ಲ.

ಔಷಧಿಯ ಚೀಲ

ಇಲ್ಲಿ ನನ್ನ ವೃತ್ತಿಗೆ ಸೇರಿದ ಒಂದು ಎಚ್ಚರಿಕೆ. ಗಸಗಸೆ ನಮಗೆ ಅಡುಗೆಮನೆಯ ಸಾಮಾನು, ಕುರ್ಮಾಕ್ಕೂ ಪಾಯಸಕ್ಕೂ ಹಾಕುತ್ತೇವೆ. ಸೌದಿ ಮತ್ತು ಯು.ಎ.ಇ.ಯಲ್ಲಿ ಅದು ನಿಷೇಧಿತ ವಸ್ತು. ಅಫೀಮಿನ ಗಿಡದ ಬೀಜವಾದ್ದರಿಂದ ಅದನ್ನು ಮಾದಕವಸ್ತುವಿನ ಸಾಲಿನಲ್ಲಿ ನೋಡುತ್ತಾರೆ. ಮಸಾಲೆ ಪುಡಿಯಲ್ಲಿ, ಸಿಹಿತಿಂಡಿಯಲ್ಲಿ ಒಂದು ಚಮಚವಿದ್ದರೂ ಒಯ್ಯಬೇಡಿ. ಯುನಾನಿಯಲ್ಲಿ ಕೆಮ್ಮು, ನೆಗಡಿ, ನಿದ್ರಾಹೀನತೆಗೆ ಕೊಡುವ ಖಮೀರಾ ಖಷ್‌ಖಾಷ್, ಶರ್ಬತ್ ಖಷ್‌ಖಾಷ್ ಕೂಡ ಅದೇ ಗಿಡದಿಂದ ಮಾಡಿದವು. ಬರ್ಷಾಷಾದಲ್ಲಿ ಅಫೀಮೇ ಇರುತ್ತದೆ. ಇವು ಊರಿನಲ್ಲೇ ಇರಲಿ. ಹಕೀಮರು ಪೊಟ್ಟಣ ಕಟ್ಟಿಕೊಟ್ಟ, ಹೆಸರಿಲ್ಲದ ಸಫೂಫ್ ಮತ್ತು ಕುಷ್ತಾಗಳನ್ನೂ ಒಯ್ಯಬೇಡಿ, ನಾನು ಕೊಟ್ಟಿದ್ದಾದರೂ ಸರಿ. ಅಲೋಪಥಿಯಲ್ಲಿ ಟ್ರಮಡಾಲ್, ಪ್ರಿಗಬಾಲಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಅಲ್ಲಿ ನಿಯಂತ್ರಿತ ಔಷಧಿಗಳು. ನರನೋವಿಗೆ ಪ್ರಿಗಬಾಲಿನ್ ನುಂಗುವ ಸಕ್ಕರೆ ರೋಗಿಗಳು ನಮ್ಮಲ್ಲಿ ಬಹಳ ಮಂದಿ. ಹೊರಡುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ, ಬದಲಿ ಮಾತ್ರೆ ಸಾಧ್ಯವೇ ಎಂದು ಕೇಳಿ.

ಉಳಿದ ಮಾತ್ರೆಗಳನ್ನು ಅಂಗಡಿಯ ಪಟ್ಟಿಯಲ್ಲೇ ಇಟ್ಟು, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಿರಿ. ಚೀಟಿಯಲ್ಲಿ ಕಂಪೆನಿ ಹೆಸರಲ್ಲ, ಔಷಧಿಯ ಮೂಲ ಹೆಸರು ಇರಬೇಕು. ಇನ್ಸುಲಿನ್ ಎಂದಿಗೂ ಲಗೇಜಿನಲ್ಲಿ ಹಾಕಬಾರದು. ಸೌದಿ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ, ಆದ್ದರಿಂದ ಮೊದಲ ದಿನದ ಇನ್ಸುಲಿನ್ ಹೇಗೆ ಎಂದು ಮೊದಲೇ ಕೇಳಿಕೊಳ್ಳಿ. ಸಕ್ಕರೆ ರೋಗಿಗಳಿಗೆ ಇನ್ನೊಂದು ಮಾತು. ಖಮೀರಾ, ಮಾಜೂನ್, ಜವಾರಿಶ್, ಶರ್ಬತ್ ಇವೆಲ್ಲ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಮಾಡಿದವು. "ಯುನಾನಿ ತಾನೇ, ಏನಾಗುತ್ತದೆ" ಎಂದು ಚಮಚಗಟ್ಟಲೆ ತಿನ್ನಬೇಡಿ.

ಲಸಿಕೆಯ ವಿಷಯದಲ್ಲೂ ನೇರವಾಗಿ ಹೇಳುತ್ತೇನೆ. ಮೆನಿಂಜೈಟಿಸ್ ಅಂದರೆ ಮಿದುಳಿನ ಪೊರೆಯ ಸೋಂಕು, ಅದನ್ನು ತಡೆಯುವ ಯುನಾನಿ ಔಷಧಿ ನನ್ನಲ್ಲಿಲ್ಲ. 2000ದ ಹಜ್ಜ್‌ನಲ್ಲಿ ಡಬ್ಲ್ಯು135 ಎಂಬ ತಳಿ ಹರಡಿ, ಹಾಜಿಗಳ ಜೊತೆ ಹಲವು ದೇಶಗಳಿಗೆ ಹೋಯಿತು. ಮನೆಯಲ್ಲೇ ಇದ್ದ ಸಂಬಂಧಿಕರಿಗೂ ತಗುಲಿತು. ಅದರ ನಂತರ ಆ ತಳಿಯೂ ಸೇರಿದ ನಾಲ್ಕು ತಳಿಗಳ ಲಸಿಕೆಯನ್ನು ಸೌದಿ ಕಡ್ಡಾಯ ಮಾಡಿತು. ಅಲ್ಲಿ ತಲುಪುವುದಕ್ಕೆ ಕನಿಷ್ಠ ಹತ್ತು ದಿನ ಮೊದಲು ಚುಚ್ಚಿಸಿಕೊಳ್ಳಬೇಕು. ಚುಚ್ಚಿಸಿಕೊಳ್ಳದೆ ಬರೀ ಸರ್ಟಿಫಿಕೇಟ್ ಸಿಗುತ್ತದೆ ಎಂದು ಹೇಳುವವರೂ ಇದ್ದಾರೆ. ಅದೂ ವಿಮೆಯ ಅರ್ಜಿಯಲ್ಲಿ "ಇಲ್ಲ" ಎಂದು ಒತ್ತಿದಂತೆಯೇ. ಹಿರಿಯರು ಫ್ಲೂ ಲಸಿಕೆಯನ್ನೂ ಹಾಕಿಸಿಕೊಂಡರೆ ಒಳ್ಳೆಯದು.

ಬಿಸಿಲು ಮತ್ತು ಪಾದ

ಇಬ್ನ್ ಸೀನಾ ತಮ್ಮ ಅಲ್‌ಕಾನೂನ್‌ನಲ್ಲಿ ಪ್ರಯಾಣಿಕರಿಗೆಂದೇ ಒಂದು ಭಾಗ ಇಟ್ಟಿದ್ದಾರೆ. ಬಿಸಿಲು, ಚಳಿ, ಊರೂರಿನ ನೀರಿನ ವ್ಯತ್ಯಾಸ ಇವುಗಳಿಂದ ಹೇಗೆ ಕಾಪಾಡಿಕೊಳ್ಳಬೇಕು ಎಂಬ ವಿಚಾರ ಅಲ್ಲಿದೆ. ಸಾವಿರ ವರ್ಷದ ಬಳಿಕವೂ ಬಿಸಿಲಿನ ಅಪಾಯ ಹಾಗೆಯೇ ಇದೆ. 2024ರ ಹಜ್ಜ್ ಸಮಯದಲ್ಲಿ ಮಕ್ಕಾದಲ್ಲಿ ತಾಪಮಾನ 51 ಡಿಗ್ರಿ ದಾಟಿತು. 1,301 ಮಂದಿ ಮೃತಪಟ್ಟರು ಎಂದು ಸೌದಿ ಸರಕಾರ ತಿಳಿಸಿತು. ಅವರಲ್ಲಿ ಹೆಚ್ಚಿನವರು ಅನುಮತಿ ಇಲ್ಲದೆ ಬಂದು, ನೆರಳು ಮತ್ತು ತಂಗುವ ವ್ಯವಸ್ಥೆ ಇಲ್ಲದೆ ದೂರ ನಡೆದವರು.

ಬೇಸಿಗೆಯ ಪ್ಯಾಕೇಜ್ ಅಗ್ಗ ಎಂದು ವಯಸ್ಸಾದ ತಂದೆತಾಯಿಯನ್ನು ಜುಲೈ, ಆಗಸ್ಟ್‌ನಲ್ಲಿ ಕಳುಹಿಸಬೇಡಿ. ಉಳಿದ ಹಣ ಆಸ್ಪತ್ರೆಯಲ್ಲಿ ಹೋಗುತ್ತದೆ. ಹೋಗಲೇಬೇಕಾದರೆ ತವಾಫ್ ಮತ್ತು ಸಈಯನ್ನು ಇಶಾ ಬಳಿಕ ಅಥವಾ ಫಜ್ರ್‌ಗೆ ಮುನ್ನ ಮಾಡಿ. ಸಈ ಒಂದರಲ್ಲೇ ಸುಮಾರು ಮೂರು ಕಿಲೋಮೀಟರ್ ನಡಿಗೆ. ಊರಿನಲ್ಲಿ ಮಸೀದಿಗೂ ಸ್ಕೂಟರಿನಲ್ಲಿ ಹೋಗುವವರು ಎರಡು ತಿಂಗಳ ಮೊದಲೇ ದಿನವೂ ನಡೆದು ಅಭ್ಯಾಸ ಮಾಡಬೇಕು. ಗಾಲಿಕುರ್ಚಿ ಬಳಸಲು ನಾಚಿಕೆ ಬೇಡ. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಿನಲ್ಲಿ ನೀರಿನಂಶ ಬೇಗ ಕಡಿಮೆಯಾಗುತ್ತದೆ, ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ. ಬಿಸಿಲಿನಲ್ಲಿದ್ದವರು ಅಸಂಬದ್ಧವಾಗಿ ಮಾತಾಡತೊಡಗಿ, ಮೈ ಕಾದಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸುತ್ತಾ 997ಕ್ಕೆ ಕರೆ ಮಾಡಿ, ಅದು ಅಲ್ಲಿನ ಆಂಬುಲೆನ್ಸ್ ಸಂಖ್ಯೆ. ಮಕ್ಕಾದಲ್ಲಿ 911 ಕೂಡ ನಡೆಯುತ್ತದೆ.

ಕಅಬಾದ ಸುತ್ತಲಿನ ಬಿಳಿ ಅಮೃತಶಿಲೆ ಗ್ರೀಸಿನ ಥಾಸೋಸ್ ದ್ವೀಪದ್ದು, ಉರಿಬಿಸಿಲಲ್ಲೂ ತಂಪಾಗಿರುತ್ತದೆ. ಮೋಸ ಹೋಗುವುದು ಅಲ್ಲೇ. ಒಳಗೆ ಬರಿಗಾಲಲ್ಲಿ ಹಾಯಾಗಿ ನಡೆದವರು ಹೊರಗಿನ ರಸ್ತೆಯೂ ಹಾಗೆಯೇ ಇರಬಹುದು ಎಂದುಕೊಳ್ಳುತ್ತಾರೆ. ಚಪ್ಪಲಿಯನ್ನು ಬಾಗಿಲಲ್ಲಿ ಬಿಡದೆ ಬಟ್ಟೆಯ ಚೀಲದಲ್ಲಿ ಹಾಕಿ ಹೆಗಲಿಗೆ ತೂಗುಹಾಕಿಕೊಳ್ಳಿ, ಇನ್ನೊಂದು ಜೊತೆ ಹೋಟೆಲಿನಲ್ಲಿರಲಿ. ಹೊಸ ಚಪ್ಪಲಿಯನ್ನು ಊರಿನಲ್ಲೇ ಮೂರು ವಾರ ಹಾಕಿ ಪಳಗಿಸಿ. ಇಹ್ರಾಮ್‌ನಲ್ಲಿ ಗಂಡಸರು ಕಾಲುಚೀಲ ಹಾಕುವಂತಿಲ್ಲ, ಹೆಂಗಸರಿಗೆ ಅಡ್ಡಿಯಿಲ್ಲ. ಸಕ್ಕರೆ ಇರುವವರು ಪ್ರತಿ ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದುಗಳನ್ನು ಕನ್ನಡಿಯಲ್ಲಿ ನೋಡಿ, ಅಥವಾ ಜೊತೆಯವರಿಗೆ ತೋರಿಸಿ. ಹೊರಡುವ ಮೊದಲು ಕಣ್ಣು ಮುಚ್ಚಿ ಕೂತು, ಹತ್ತಿಯ ಎಳೆಯಿಂದ ಬೆರಳ ತುದಿ ಮುಟ್ಟಿಸಿಕೊಳ್ಳಿ. ಗೊತ್ತಾಗದಿದ್ದರೆ ವೈದ್ಯರಿಗೆ ಪಾದ ತೋರಿಸದೆ ವಿಮಾನ ಹತ್ತಬೇಡಿ. ಈಗ ಉಮ್ರಾ ಎಂದು ಯಾರು ಸಲಾಂ ಹೇಳಲು ಬಂದರೂ ನಾನು ಮೊದಲು ಚಪ್ಪಲಿ ಬಿಚ್ಚಿಸುತ್ತೇನೆ. ಕೆಲವರು ನಗುತ್ತಾರೆ.

ತಲೆ ಬೋಳಿಸುವಾಗ ಬೀದಿಬದಿಯವರ ಬಳಿ ಹೋಗದೆ ಪರವಾನಗಿ ಇರುವ ಅಂಗಡಿಗೆ ಹೋಗಿ, ಹೊಸ ಬ್ಲೇಡನ್ನು ಕಣ್ಣೆದುರೇ ತೆಗೆಸಿ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಮತ್ತು ಸಿ ಹರಡುತ್ತವೆ. ಮುಟ್ಟು ಮುಂದೂಡುವ ಮಾತ್ರೆ ಬೇಕೆನ್ನುವ ಸಹೋದರಿಯರು ಸ್ನೇಹಿತೆಯಿಂದ ಪಡೆಯದೆ ಸ್ತ್ರೀರೋಗ ತಜ್ಞರಲ್ಲಿ ಕೇಳಿ, ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹೇಳಲು ಮರೆಯಬೇಡಿ.

ಹಿಂದಿರುಗಿದವರಲ್ಲಿ ಕೆಮ್ಮಿಲ್ಲದವರು ಅಪರೂಪ. ಹೆಚ್ಚಿನದು ವಾರದಲ್ಲಿ ಇಳಿಯುತ್ತದೆ. ಹಿಂದಿರುಗಿದ ಹದಿನಾಲ್ಕು ದಿನದೊಳಗೆ ಜೋರು ಜ್ವರದೊಂದಿಗೆ ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಿ, ಸೌದಿಯಿಂದ ಬಂದಿದ್ದೇನೆ ಎಂದು ಮೊದಲೇ ಹೇಳಿ. 2012ರಲ್ಲಿ ಅಲ್ಲಿ ಮೊದಲು ಕಂಡುಬಂದ ಮರ್ಸ್ ಎಂಬ ಸೋಂಕು ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಒಂಟೆಯ ಹತ್ತಿರ ಹೋಗಿದ್ದರೆ ಅಥವಾ ಕಾಯಿಸದ ಒಂಟೆ ಹಾಲು ಕುಡಿದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.